ಸತ್ತವರ ಹೆಸರು ಹುಡುಕುವ ಬಗೆ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಆಗಾಗ ಒಂದು ಸಣ್ಣ ಪ್ರಕಟಣೆ ಬರುವುದನ್ನು ನೀವು ನೋಡಿರುತ್ತೀರಿ. ಅಪರಿಚಿತ ವ್ಯಕ್ತಿಯ ಶವ. ವಯಸ್ಸು ಸುಮಾರು ನಲವತ್ತೈದು. ಎಣ್ಣೆಗಪ್ಪು ಮೈಬಣ್ಣ, ದುಂಡು ಮುಖ. ನೀಲಿ ಗೀರಿನ ಅಂಗಿ. ಬಲಗೈ ಮೇಲೆ ಹಚ್ಚೆ. ವಾರಸುದಾರರು ಇದ್ದಲ್ಲಿ ಇಂಥ ಪೊಲೀಸು ಠಾಣೆಯನ್ನು ಸಂಪರ್ಕಿಸತಕ್ಕದ್ದು. ನಾವು ಓದುತ್ತೇವೆ, ಅಯ್ಯೋ ಪಾಪ ಎನ್ನುತ್ತೇವೆ, ಪುಟ ತಿರುವುತ್ತೇವೆ. ಆ ನಾಲ್ಕು ಸಾಲಿನಲ್ಲಿ ಎಲ್ಲವೂ ಇರುತ್ತದೆ, ಹೆಸರೊಂದನ್ನು ಬಿಟ್ಟು.

ಸತ್ತ ಮೇಲೆ ಹೆಸರಿನಿಂದ ಏನಾಗಬೇಕು ಎಂದು ಕೇಳುವವರುಂಟು. ಸತ್ತವನಿಗೆ ಏನೂ ಆಗಬೇಕಾಗಿಲ್ಲದಿರಬಹುದು, ಬದುಕಿರುವವರಿಗೆ ಆಗಬೇಕು. ಎಳ್ಳುನೀರು ಬಿಡುವ ಮನೆಯಲ್ಲಿ ಮೃತನ ಹೆಸರು ಹೇಳಬೇಕು, ಗೋತ್ರ ಹೇಳಬೇಕು, ಅವನ ಮೇಲಿನ ತಲೆಗಳನ್ನೂ ಹೇಳಬೇಕು. ಹೊಲದ ಖಾತೆ ಬದಲಾಗಬೇಕಾದರೆ ಮರಣದ ದಾಖಲೆ ಬೇಕು. ಮನೆ ಬಿಟ್ಟು ಹೋದ ಗಂಡ ತಿರುಗಿ ಬಾರದಿದ್ದರೆ ಹೆಂಡತಿ ಕುಂಕುಮ ಇಡುವುದೋ ಬಿಡುವುದೋ ತಿಳಿಯದೆ ವರ್ಷಗಳನ್ನು ನೂಕುತ್ತಾಳೆ. ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ಸತ್ತನೆಂದು ಭಾವಿಸಬಹುದೆಂದು ನಮ್ಮ ಕಾನೂನು ಹೇಳುತ್ತದೆ. ಕಾನೂನು ಭಾವಿಸಬಹುದು, ಮನಸ್ಸು ಭಾವಿಸಬೇಕಲ್ಲ! ಕಾಣೆಯಾದವನು ಒಂದು ಕಡೆ, ಗುರುತಿಲ್ಲದ ಹೆಣ ಇನ್ನೊಂದು ಕಡೆ. ಎರಡನ್ನೂ ಜೋಡಿಸುವ ದಾರಿ ಎಷ್ಟೋ ಸಲ ಕಾಣುತ್ತಿರಲಿಲ್ಲ.

ಆ ದಾರಿ ಕಾಣಿಸುವ ಒಂದು ವಿದ್ಯೆ ಈಚಿನ ವರ್ಷಗಳಲ್ಲಿ ಬೆಳೆದು ಬಂದಿದೆ. ಅದರಲ್ಲಿ ಅರ್ಧ ಪ್ರಯೋಗಶಾಲೆಯ ಕೆಲಸ, ಉಳಿದರ್ಧ ಹಳೆಯ ಕಡತಗಳ ಧೂಳು ಕೊಡವುವ ಕೆಲಸ. ರಕ್ತಸಂಬಂಧದ ಗುರುತುಗಳನ್ನು ಹಿಡಿದು ವಂಶವೃಕ್ಷ ಬರೆದು, ಆ ವೃಕ್ಷದಲ್ಲಿ ಸತ್ತವನು ಯಾವ ಕೊಂಬೆಯ ಎಲೆ ಎಂದು ಕಂಡುಹಿಡಿಯುವುದು. ತತ್ತ್ವ ವಿವರಿಸುವುದಕ್ಕಿಂತ ಒಂದು ಪ್ರಸಂಗ ಹೇಳುವುದು ಮೇಲು. ಆಸ್ಟ್ರೇಲಿಯದಲ್ಲಿ ನಡೆದದ್ದು, ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಳೆದದ್ದು.

1948ನೆಯ ಇಸವಿ ಡಿಸೆಂಬರ್ 1ನೆಯ ತಾರೀಕು. ದಕ್ಷಿಣ ಆಸ್ಟ್ರೇಲಿಯದ ರಾಜಧಾನಿ ಅಡಿಲೇಡ್. ಅದರ ಬಳಿ ಸಾಮರ್ಟನ್ ಎಂಬ ಕಡಲತೀರ. ಬೆಳಗ್ಗೆ ಆರೂವರೆಯ ಸುಮಾರಿಗೆ ಅಲ್ಲಿ ಒಬ್ಬ ಗಂಡಸು ತಡೆಗೋಡೆಗೆ ತಲೆಯಾನಿಸಿ, ಕಾಲು ನೀಡಿ, ಸತ್ತು ಬಿದ್ದಿದ್ದ. ನಲವತ್ತು ನಲವತ್ತೈದರ ಪ್ರಾಯ, ಎತ್ತರದ ಆಳು. ಕೋಟು, ಟೈ, ಮೆರುಗು ಹಾಕಿದ ಬೂಟು. ಅರ್ಧ ಸೇದಿದ ಸಿಗರೇಟು ಕೊರಳಪಟ್ಟಿಯ ಮೇಲೆ ಬಿದ್ದಿತ್ತು. ಜೇಬಿನಲ್ಲಿ ಒಂದು ಬಸ್ ಟಿಕೆಟು, ಬಳಸದೆ ಉಳಿದ ರೈಲು ಟಿಕೆಟು, ಬಾಚಣಿಗೆ, ಬೆಂಕಿಪೊಟ್ಟಣ, ಚೂಯಿಂಗ್ ಗಮ್ಮು. ಹಣದ ಚೀಲ ಇರಲಿಲ್ಲ. ಗುರುತಿನ ಕಾಗದವೂ ಇಲ್ಲ. ಬಟ್ಟೆಗಳ ಒಳಬದಿಯಲ್ಲಿ ಅಂಗಡಿಯ ಪಟ್ಟಿ ಇರಬೇಕಾದಲ್ಲಿ ಇಲ್ಲ.

ಶವಪರೀಕ್ಷೆ ಮಾಡಿದ ವೈದ್ಯರು ಇದು ಸಹಜ ಮರಣವಾಗಿ ಕಾಣುವುದಿಲ್ಲ ಎಂದರು; ವಿಷವೆಂದು ಸಂಶಯಪಟ್ಟರು. ರಸಾಯನಶಾಸ್ತ್ರಜ್ಞರು ಹುಡುಕಿದರು, ವಿಷ ಸಿಕ್ಕಲಿಲ್ಲ. ಬೆರಳಚ್ಚುಗಳನ್ನು ಬೇರೆ ಬೇರೆ ದೇಶಗಳಿಗೆ ಕಳಿಸಿದರು, ಎಲ್ಲಿಯೂ ಹೊಂದಲಿಲ್ಲ. ಜನವರಿಯಲ್ಲಿ ಅಡಿಲೇಡಿನ ರೈಲು ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಯಾರೂ ಬಿಡಿಸಿಕೊಳ್ಳದ ಒಂದು ಪೆಟ್ಟಿಗೆ ಕಂಡಿತು. ನವೆಂಬರ್ 30ರಂದು ಇಟ್ಟುಹೋದದ್ದು. ಅದರೊಳಗಿನ ಕಿತ್ತಳೆ ಬಣ್ಣದ ಮೇಣದ ದಾರವೇ ಸತ್ತವನ ಷರಾಯಿಯ ಹೊಲಿಗೆಯಲ್ಲಿಯೂ ಇತ್ತು. ಆದ್ದರಿಂದ ಪೆಟ್ಟಿಗೆ ಅವನದೇ ಸರಿ. ಒಳಗಿನ ಒಂದು ಟೈ ಮೇಲೆ ‘ಟಿ. ಕೀನ್’ ಎಂದು ಬರೆದಿತ್ತು. ಹೆಸರು ಸಿಕ್ಕಿತು ಎಂದು ಪೊಲೀಸರು ಹಿಗ್ಗಿದರು. ಆದರೆ ಆ ಹೆಸರಿನವರು ಯಾರೂ ಕಾಣೆಯಾಗಿರಲಿಲ್ಲ. ಈ ‘ಕೀನ್’ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನು ಕೆಲವು ತಿಂಗಳ ಮೇಲೆ ಮತ್ತೊಂದು ವಿಚಿತ್ರ. ಅವನ ಷರಾಯಿಯಲ್ಲಿ ಗಡಿಯಾರ ಇಡುವ ಚಿಕ್ಕ ಜೇಬಿನೊಳಗೆ ಸುರುಳಿ ಸುತ್ತಿದ ಒಂದು ಕಾಗದದ ಚೂರು ಸಿಕ್ಕಿತು. ಅದರಲ್ಲಿ ‘ಮುಗಿಯಿತು’ ಎಂಬರ್ಥದ ಎರಡು ಪಾರಸಿ ಪದಗಳು ಅಚ್ಚಾಗಿದ್ದುವು. ಉಮರ್ ಖಯ್ಯಾಮನ ರುಬಾಯತ್‌ನ ಇಂಗ್ಲಿಷ್ ಅನುವಾದದ ಕೊನೆಯ ಪುಟದಿಂದ ಹರಿದದ್ದು. ನಮ್ಮಲ್ಲಿ ಡಿ.ವಿ.ಜಿ.ಯವರು ‘ಉಮರನ ಒಸಗೆ’ ಎಂದು ಕನ್ನಡಕ್ಕೆ ತಂದರಲ್ಲ, ಅದೇ ಕಾವ್ಯ. ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಒಬ್ಬ ಮನುಷ್ಯ ಆ ಹರಿದ ಪುಸ್ತಕವನ್ನೇ ತಂದೊಪ್ಪಿಸಿದ. ಆ ಕಡಲತೀರದ ಸಮೀಪ ನಿಲ್ಲಿಸಿದ್ದ ತನ್ನ ಕಾರಿನಲ್ಲಿ ಯಾರೋ ಹಾಕಿಹೋಗಿದ್ದರಂತೆ. ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನ ಮಸುಕು ಗುರುತು: ಅರ್ಥವಾಗದ ಅಕ್ಷರಗಳ ಕೆಲವು ಸಾಲು, ಒಂದು ಟೆಲಿಫೋನ್ ನಂಬರು.

ನಂಬರು ಹತ್ತಿರದಲ್ಲೇ ವಾಸವಾಗಿದ್ದ ಒಬ್ಬ ನರ್ಸಮ್ಮನದು. ಆಕೆ ಸತ್ತವನನ್ನು ತಾನರಿಯೆ ಎಂದರು. ಯುದ್ಧದ ಕಾಲದಲ್ಲಿ ಒಬ್ಬ ಸೇನಾಧಿಕಾರಿಗೆ ಅದೇ ಕಾವ್ಯದ ಪ್ರತಿಯೊಂದನ್ನು ಕೊಟ್ಟದ್ದುಂಟು ಎಂದರು. ಹಾಗಾದರೆ ಸತ್ತವನು ಆ ಅಧಿಕಾರಿಯೇ ಎಂದು ಪೊಲೀಸರು ನಿಶ್ಚಯಿಸಿದರು. ಆ ಪುಣ್ಯಾತ್ಮ ಸಿಡ್ನಿಯಲ್ಲಿ ಆರೋಗ್ಯವಾಗಿ ಬದುಕಿದ್ದ! ಪುಸ್ತಕವೂ ಅವನ ಹತ್ತಿರ ಭದ್ರವಾಗಿತ್ತು, ಕೊನೆಯ ಪುಟ ಹರಿಯದೆ.

ಇಷ್ಟು ಸಾಕಾಯಿತು ಲೋಕಕ್ಕೆ. ಅಕ್ಷರಗಳು ಗೂಢಲಿಪಿಯೆಂದರು, ಗೂಢಲಿಪಿಯೆಂದ ಮೇಲೆ ಸತ್ತವನು ಗೂಢಚಾರನೆಂದರು. ದಕ್ಷಿಣ ಆಸ್ಟ್ರೇಲಿಯದ ವೂಮೆರಾದಲ್ಲಿ ಆಗ ರಾಕೆಟ್ಟುಗಳ ಪ್ರಯೋಗಕ್ಷೇತ್ರ ಏಳುತ್ತಿತ್ತು, ಕೋಟಿನ ಹೊಲಿಗೆ ಅಮೆರಿಕದ್ದು. ಕಥೆಗೆ ಇನ್ನೇನು ಬೇಕು? ಪುಸ್ತಕಗಳು ಬಂದವು, ಚಿತ್ರಗಳು ಬಂದವು, ಗಣಿತಜ್ಞರು ಆ ಅಕ್ಷರಗಳ ಮೇಲೆ ತಲೆ ಕೆಡಿಸಿಕೊಂಡರು. ಸತ್ತವನನ್ನು ಮಾತ್ರ 1949ರ ಜೂನಿನಲ್ಲಿ ಅಡಿಲೇಡಿನ ವೆಸ್ಟ್ ಟೆರೇಸ್ ಸ್ಮಶಾನದಲ್ಲಿ ಹೂಳಿಯಾಗಿತ್ತು. ಅನಾಥ ಹೆಣವಾಗಿ ಹೋಗದಿರಲೆಂದು ಕುದುರೆ ಜೂಜಿನ ಬುಕ್ಕಿಗಳ ಸಂಘವೊಂದು ಖರ್ಚು ಕೊಟ್ಟಿತು. ಹೂಳುವುದಕ್ಕೆ ಮೊದಲು ಪೊಲೀಸರು ಒಂದು ಜಾಣತನದ ಕೆಲಸ ಮಾಡಿದ್ದರು. ಅವನ ತಲೆ ಮತ್ತು ಎದೆಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ಯಿಸಿದರು. ಮುಂದೆ ಯಾರಾದರೂ ಬಂದು ಮುಖ ಗುರುತಿಸಲಿ ಎಂದು. ಹೊಯ್ಯುವಾಗ ಅವನ ಕೆಲವು ತಲೆಗೂದಲು ಆ ಪ್ಲಾಸ್ಟರಿಗೆ ಅಂಟಿಕೊಂಡುವು. ಆಗ ಅದು ಯಾರ ಲಕ್ಷ್ಯಕ್ಕೂ ಬರುವಂಥದಾಗಿರಲಿಲ್ಲ.

ಈಗ ಸ್ವಲ್ಪ ವಿಜ್ಞಾನದ ಮಾತು. ಹೆದರಬೇಡಿ, ಅಂಗಡಿ ಲೆಕ್ಕಕ್ಕಿಂತ ಕಷ್ಟವಲ್ಲ.

ನಮ್ಮ ದೇಹದ ಕಣಗಳಲ್ಲೆಲ್ಲ ಡಿ.ಎನ್.ಎ. ಎಂಬ ಉದ್ದನೆಯ ಎಳೆ ಇದೆಯೆಂದು ಶಾಲೆಯ ಮಕ್ಕಳೂ ಬಲ್ಲರು. ಅರ್ಧ ತಾಯಿಯಿಂದ ಬಂದದ್ದು, ಅರ್ಧ ತಂದೆಯಿಂದ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ ಈ ಎಳೆಯಿಂದ ಬೆರಳಚ್ಚಿನಂತೆ ಮನುಷ್ಯನನ್ನು ಗುರುತಿಸಬಹುದೆಂದು ತೋರಿಸಿದರು. ಹೈದರಾಬಾದಿನಲ್ಲಿ ಲಾಲ್‌ಜಿ ಸಿಂಗ್ ಅವರು ಆ ವಿದ್ಯೆಯನ್ನು ನಮ್ಮ ನ್ಯಾಯಾಲಯಗಳವರೆಗೆ ತಂದರು. ಪೊಲೀಸರ ಈ ಪರೀಕ್ಷೆಯಲ್ಲಿ ನೋಡುವುದು ಎಳೆಯ ಇಪ್ಪತ್ತರ ಸುಮಾರು ಜಾಗಗಳನ್ನು ಮಾತ್ರ. ಇಬ್ಬರೂ ಒಂದೇ ಮನುಷ್ಯನೋ, ತಂದೆ ಮಗನೋ ಎಂದು ಹೇಳಲು ಅಷ್ಟು ಧಾರಾಳ. ಆದರೆ ಹೋಲಿಸಲು ಎದುರಿಗೊಬ್ಬರು ಇರಬೇಕು. ‘ಇವನು ನನ್ನ ಮಗನಿರಬಹುದು’ ಎಂದು ತಾಯಿ ಬಂದು ರಕ್ತ ಕೊಡಬೇಕು. ಯಾರೂ ಬಾರದಿದ್ದರೆ ಬೀಗದ ಕೈ ಇದ್ದೂ ಬೀಗವೇ ಇಲ್ಲದ ಹಾಗೆ.

ಹೊಸ ವಿದ್ಯೆಯಲ್ಲಿ ಇಪ್ಪತ್ತು ಜಾಗಗಳ ಬದಲು ಲಕ್ಷಗಟ್ಟಲೆ ಜಾಗಗಳನ್ನು ಓದುತ್ತಾರೆ. ಅಷ್ಟನ್ನು ಓದಿದರೆ ದೂರದ ಬಳಗವೂ ಕಾಣುತ್ತದೆ. ಲೆಕ್ಕ ಹೀಗೆ. ತಂದೆಯೊಡನೆ ನಿಮಗೆ ಅರ್ಧ ಪಾಲು ಸಮಾನ. ಅಜ್ಜ ಅಜ್ಜಿ ಒಂದೇ ಆದ ಮೊಮ್ಮಕ್ಕಳಲ್ಲಿ, ಎಂದರೆ ಚಿಕ್ಕಪ್ಪನ ಮಕ್ಕಳು, ಸೋದರತ್ತೆಯ ಮಕ್ಕಳೊಡನೆ, ಸರಾಸರಿ ಎಂಟರಲ್ಲಿ ಒಂದು ಪಾಲು. ಮುತ್ತಜ್ಜ ಮುತ್ತಜ್ಜಿ ಒಂದೇ ಆದವರಲ್ಲಿ ಮೂವತ್ತೆರಡರಲ್ಲಿ ಒಂದು. ಅದಕ್ಕೂ ಒಂದು ತಲೆ ಮೇಲೆ ಹೋದರೆ ನೂರ ಇಪ್ಪತ್ತೆಂಟರಲ್ಲಿ ಒಂದು. ಮದುವೆ ಮನೆಯಲ್ಲಿ ಎದುರು ಬದುರು ಎಲೆ ಹಾಕಿಕೊಂಡು ಕೂತರೂ ‘ನಾವು ಹೇಗೆ ನೆಂಟರು?’ ಎಂದು ಇಬ್ಬರಿಗೂ ತಿಳಿಯದ ದೂರ ಅದು. ಯಂತ್ರಕ್ಕೆ ತಿಳಿಯುತ್ತದೆ. ಸಮಾನವಾದ ತುಂಡುಗಳ ಉದ್ದವನ್ನು ಸೆಂಟಿಮಾರ್ಗನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಉದ್ದ ಹೆಚ್ಚಾದಷ್ಟೂ ನಂಟು ಹತ್ತಿರ.

ಹೋಲಿಸಲು ಜನ ಎಲ್ಲಿಂದ ಬರಬೇಕು? ಅಮೆರಿಕ, ಆಸ್ಟ್ರೇಲಿಯ, ಇಂಗ್ಲೆಂಡುಗಳಲ್ಲಿ ತಮ್ಮ ಪೂರ್ವಿಕರು ಎಲ್ಲಿಯವರೆಂದು ತಿಳಿಯುವ ಹವ್ಯಾಸ ಬಲವಾಗಿದೆ. ಜನ ಹಣ ಕೊಟ್ಟು, ಕೊಳವೆಯಲ್ಲಿ ಉಗುಳಿ, ಅಂಚೆಯಲ್ಲಿ ಕಂಪನಿಗಳಿಗೆ ಕಳಿಸುತ್ತಾರೆ. ಫಲಿತಾಂಶವನ್ನು ಒಂದು ಸಾರ್ವಜನಿಕ ಭಂಡಾರದಲ್ಲಿ ಇಟ್ಟು ನೆಂಟರನ್ನು ಹುಡುಕಿಕೊಳ್ಳುವ ಏರ್ಪಾಡೂ ಇದೆ. ಜೆಡ್‌ಮ್ಯಾಚ್ ಎಂಬ ಅಂಥ ಭಂಡಾರ 2010ರಲ್ಲಿ ಆರಂಭವಾಯಿತು. ಹೆಸರಿಲ್ಲದ ಶವದ ವಿವರವನ್ನೂ ಅಲ್ಲಿ ಸೇರಿಸಿದರೆ, ಆ ಶವಕ್ಕೆ ದೂರದ ನೆಂಟರು ಯಾರು ಯಾರೆಂದು ಒಂದು ಪಟ್ಟಿ ಬರುತ್ತದೆ. ಅವರಿಗೆ ಸತ್ತವನ ಹೆಸರೂ ಗೊತ್ತಿರುವುದಿಲ್ಲ, ಅವನು ಹುಟ್ಟಿದ್ದೂ ಗೊತ್ತಿರುವುದಿಲ್ಲ.

ನಿಜವಾದ ದುಡಿಮೆ ಇಲ್ಲಿಂದ ಶುರು. ಪಟ್ಟಿಯಲ್ಲಿ ತಮ್ಮ ತಮ್ಮೊಳಗೂ ನಂಟಿರುವ ಇಬ್ಬರು ಮೂವರನ್ನು ಆರಿಸಿ, ಅವರೆಲ್ಲರಿಗೂ ಮೂಲವಾದ ಹಿರಿಯ ದಂಪತಿಗಳು ಯಾರೆಂದು ಹುಡುಕುತ್ತಾರೆ. ಜನನದ ದಾಖಲೆ, ಮದುವೆಯ ದಾಖಲೆ, ಮತದಾರರ ಪಟ್ಟಿ, ಹಳೆಯ ಪತ್ರಿಕೆಯ ಮರಣವಾರ್ತೆ, ಗೋರಿಕಲ್ಲು, ಎಲ್ಲವನ್ನೂ ಜಾಲಿಸುತ್ತಾರೆ. ಆಮೇಲೆ ಆ ದಂಪತಿಗಳಿಂದ ಕೆಳಗಿಳಿಯುತ್ತ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನೆಲ್ಲ ಬರೆಯುತ್ತಾರೆ. ಪಟ್ಟಿಯಲ್ಲಿ ಬೇರೊಂದು ಗುಂಪು ಇರುತ್ತದೆ, ಅದಕ್ಕೂ ಹೀಗೆಯೇ. ಒಂದು ಗುಂಪು ಸತ್ತವನ ತಂದೆಯ ಕಡೆ, ಇನ್ನೊಂದು ತಾಯಿಯ ಕಡೆ. ಕೃಷ್ಣೆಯೂ ಮಲಪ್ರಭೆಯೂ ಕೂಡಲಸಂಗಮದಲ್ಲಿ ಸೇರುವಂತೆ, ಈ ಎರಡು ವಂಶಗಳು ಎಲ್ಲೋ ಒಂದು ಮದುವೆಯಲ್ಲಿ ಸೇರಬೇಕು. ಆ ಮದುವೆ ಸಿಕ್ಕಿತೆಂದರೆ, ಹುಡುಕುತ್ತಿರುವವನು ಆ ದಂಪತಿಗಳ ಮಗನೋ ಮೊಮ್ಮಗನೋ ಆಗಿರಲೇಬೇಕು.

ಮರಳಿ ಅಡಿಲೇಡಿಗೆ ಬರೋಣ. ಅಲ್ಲಿನ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಡೆರೆಕ್ ಆಬಟ್ ಎಂಬುವರಿಗೆ ಈ ಸಾಮರ್ಟನ್ ಮನುಷ್ಯನ ಗುಂಗು ಹಿಡಿದಿತ್ತು. ಹೆಣವನ್ನು ಹೊರತೆಗೆದು ಪರೀಕ್ಷಿಸಬೇಕೆಂದು ಕೇಳಿಕೊಂಡರು. 2011ರಲ್ಲಿ ಸರಕಾರ ಒಪ್ಪಲಿಲ್ಲ. ಬರಿಯ ಕುತೂಹಲ ಸಾಲದು ಎಂಬ ಅಭಿಪ್ರಾಯ. ಕೊನೆಗೆ 2021ರ ಮೇ 19ರಂದು ಪೊಲೀಸರೇ ಗೋರಿಯನ್ನು ಅಗೆಸಿದರು. ಅಷ್ಟರಲ್ಲಿ ಆಬಟ್ ಅವರಿಗೆ ಪ್ಲಾಸ್ಟರಿನ ಎರಕಕ್ಕೆ ಅಂಟಿದ್ದ ಕೂದಲುಗಳು ದೊರಕಿದ್ದವು. ಬೇರಿಲ್ಲದ ಕೂದಲಿನಲ್ಲಿ ಡಿ.ಎನ್.ಎ. ಚೂರುಚೂರಾಗಿರುತ್ತದೆ, ಉಪಯೋಗಕ್ಕೆ ಬಾರದು ಎಂದು ಬಹಳ ಕಾಲ ನಂಬಿದ್ದರು. ಪುರಾತನ ಎಲುಬುಗಳನ್ನು ಓದಲು ಕಲಿತ ಕೈಗಳು ಈ ಚೂರುಗಳನ್ನೂ ಓದಲು ಕಲಿತುವು. ಎಪ್ಪತ್ತು ವರ್ಷಕ್ಕೂ ಹಳೆಯದಾದ ಆ ಕೂದಲಿನಿಂದ ಸುಮಾರು ಇಪ್ಪತ್ತು ಲಕ್ಷ ಗುರುತುಗಳು ಸಿಕ್ಕವು.

ಅಮೆರಿಕದ ಕಾಲೀನ್ ಫಿಟ್ಸ್‌ಪ್ಯಾಟ್ರಿಕ್ ಈ ವಂಶಶೋಧನೆಯಲ್ಲಿ ಪಳಗಿದವರು. ಅವರೂ ಆಬಟ್ ಅವರೂ ಸೇರಿ, ದೂರದ ನೆಂಟರಿಂದ ಹೊರಟು ಸುಮಾರು 4000 ಜನರ ವಂಶವೃಕ್ಷ ಬರೆದರು. ಒಬ್ಬ ಮನುಷ್ಯನಿಗಾಗಿ ನಾಲ್ಕು ಸಾವಿರ ಜನ! ಅವರಲ್ಲಿ ಒಬ್ಬ ಮಾತ್ರ ಹುಟ್ಟಿದ ದಾಖಲೆ ಇದ್ದೂ ಸತ್ತ ದಾಖಲೆ ಇಲ್ಲದವನಾಗಿ ಉಳಿದ. ಕಾರ್ಲ್ ವೆಬ್, 1905ರ ನವೆಂಬರ್ 16ರಂದು ಮೆಲ್ಬೋರ್ನಿನ ಫುಟ್ಸ್‌ಕ್ರೇಯಲ್ಲಿ ಹುಟ್ಟಿದವನು, ಆರು ಮಕ್ಕಳಲ್ಲಿ ಕಿರಿಯವ. ವಿದ್ಯುತ್ ಎಂಜಿನಿಯರ್, ಉಪಕರಣಗಳನ್ನು ಮಾಡುವವನು. ತಾಯಿಯ ಕಡೆಯ ಒಬ್ಬ ನೆಂಟರ ಡಿ.ಎನ್.ಎ. ಹೋಲಿಸಿದರು, ಅದೂ ಹೊಂದಿತು. ಆಮೇಲೆ ನೋಡುತ್ತಾರೆ, ಅವನ ಅಕ್ಕಂದಿರಲ್ಲಿ ಒಬ್ಬಳ ಗಂಡನ ಹೆಸರು ಥಾಮಸ್ ಕೀನ್! ಟೈ ಮೇಲಿದ್ದ ‘ಟಿ. ಕೀನ್’ ಗೂಢಚಾರನ ಸುಳ್ಳು ಹೆಸರಲ್ಲ. ಭಾವನ ಹಳೆಯ ಬಟ್ಟೆ ಮೈದುನ ತೊಟ್ಟಿದ್ದಿರಬೇಕು, ಅಷ್ಟೆ. ಭಾವಂದಿರ ಅಂಗಿ ತೊಟ್ಟ ಮೈದುನರು ನಮ್ಮ ಮನೆಗಳಲ್ಲೇನು ಕಡಮೆಯೇ?

2022ರ ಜುಲೈ 26ರಂದು ಈ ಹೆಸರು ಪ್ರಕಟವಾಯಿತು. ಪೊಲೀಸರು ಆಗ ಅವಸರಪಡಲಿಲ್ಲ. ತಾವು ಹೊರತೆಗೆದ ಎಲುಬಿನ ಪರೀಕ್ಷೆ ಆಗಬೇಕು, ತೀರ್ಮಾನ ಕೊರೋನರ್ ಅವರದು ಎಂದರು. ಅದು ಸರಿಯಾದ ನಡತೆ. ವಂಶಶೋಧನೆ ಕೊಡುವುದು ದಾರಿಯ ಸುಳಿವು. ಮುದ್ರೆ ಒತ್ತುವುದು ನ್ಯಾಯಸ್ಥಾನದ ಕೆಲಸ.

ಗೂಢಚಾರನ ಕಥೆಯನ್ನು ನಂಬಿಕೊಂಡಿದ್ದವರಿಗೆ ಆಶಾಭಂಗವಾಯಿತು. ಆ ನರ್ಸಮ್ಮನ ಮಗ ಸತ್ತವನಿಗೇ ಹುಟ್ಟಿದವನಿರಬೇಕು, ಕಿವಿಯ ಆಕಾರ ಹಾಗೆ ಹೇಳುತ್ತದೆ, ಹಲ್ಲು ಹೀಗೆ ಹೇಳುತ್ತದೆ ಎಂದು ಒಂದು ವಾದ ವರ್ಷಗಟ್ಟಲೆ ನಡೆದಿತ್ತು. ಡಿ.ಎನ್.ಎ. ಅದನ್ನು ಪೂರಾ ಅಲ್ಲಗಳೆಯಿತು. ಕಿವಿ ನೋಡಿ ನಂಟು ಹೇಳುವುದು ಬಾಣಂತಿಯ ಕೋಣೆಯಲ್ಲಿ ಚೆಂದ.

ಉಳಿದದ್ದು ಒಬ್ಬ ಸಾಧಾರಣ ಮನುಷ್ಯನ ಬಾಳು. ಕಾರ್ಲ್ ವೆಬ್ 1941ರಲ್ಲಿ ಮದುವೆಯಾದ. ಸಂಸಾರ ಹೊಂದಲಿಲ್ಲ. 1947ರ ಹೊತ್ತಿಗೆ ಗಂಡ ಹೆಂಡತಿ ಬೇರೆಯಾದರು. ಅವನು ಪದ್ಯ ಬರೆಯುತ್ತಿದ್ದನೆಂದೂ ಕುದುರೆಗಳ ಮೇಲೆ ಪಣ ಕಟ್ಟುತ್ತಿದ್ದನೆಂದೂ ತಿಳಿದುಬಂದಿದೆ. ಆ ಅಕ್ಷರಗಳು ಕುದುರೆಗಳ ಹೆಸರುಗಳಿರಬಹುದೆಂದು ಆಬಟ್ ಅವರ ಊಹೆ. ಹೂಳುವ ಖರ್ಚು ಕೊಟ್ಟವರು ಬುಕ್ಕಿಗಳೆಂಬುದು ಆಗ ನೆನಪಾಗುತ್ತದೆ. 1951ರಲ್ಲಿ ಅವನ ಹೆಂಡತಿ ವಿವಾಹವಿಚ್ಛೇದನಕ್ಕೆ ನ್ಯಾಯಾಲಯಕ್ಕೆ ಹೋದರು. ಗಂಡ ತನ್ನನ್ನು ತೊರೆದುಹೋಗಿದ್ದಾನೆಂಬುದು ಅವರ ದೂರು. ಆಗ ಆಕೆ ಇದ್ದದ್ದು ದಕ್ಷಿಣ ಆಸ್ಟ್ರೇಲಿಯದ ಬ್ಯೂಟ್ ಎಂಬ ಊರಿನಲ್ಲಿ, ಅಡಿಲೇಡಿಗೆ ನೂರೈವತ್ತು ಕಿಲೋಮೀಟರಿನೊಳಗೆ. ತೊರೆದುಹೋದ ಗಂಡ ಅದೇ ಅಡಿಲೇಡಿನ ಮಣ್ಣಿನಲ್ಲಿ ಎರಡು ವರ್ಷದಿಂದ ಮಲಗಿದ್ದ. ಅವನ ಭಾವಚಿತ್ರ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಸತ್ತವನ ಮೇಲೆ ಒಂದು ಮೊಕದ್ದಮೆ ನಡೆಯಿತು. ಅದು ಸತ್ತವನ ಮೇಲೆ ಎಂದು ಯಾರಿಗೂ ತಿಳಿಯಲಿಲ್ಲ.

ಈ ವಿದ್ಯೆಗೆ ಆಕ್ಷೇಪಗಳಿಲ್ಲದೆ ಇಲ್ಲ. ನಿಮ್ಮ ದೊಡ್ಡಪ್ಪನ ಮಗ ವಿನೋದಕ್ಕೆಂದು ಕೊಳವೆಯಲ್ಲಿ ಉಗುಳಿ ಕಳಿಸಿದನೆನ್ನಿ. ಅವನು ಕೊಟ್ಟದ್ದು ತನ್ನ ಗುಟ್ಟು ಮಾತ್ರವಲ್ಲ, ಎಂಟರಲ್ಲಿ ಒಂದು ಪಾಲು ನಿಮ್ಮದೂ ಹೌದು. ನಿಮ್ಮನ್ನು ಅವನು ಕೇಳಲಿಲ್ಲ. 2018ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಪೊಲೀಸರು ಇದೇ ಭಂಡಾರದ ನೆರವಿನಿಂದ ಹಳೆಯ ಕೊಲೆಗಾರನೊಬ್ಬನನ್ನು ಹಿಡಿದಾಗ ಲೋಕ ಮೊದಲು ಭೇಷ್ ಎಂದಿತು, ಆಮೇಲೆ ಗಾಬರಿಯಾಯಿತು. ಮರುವರ್ಷ ಮೇ ತಿಂಗಳಲ್ಲಿ, ತಾವಾಗಿ ಒಪ್ಪಿಗೆ ಕೊಟ್ಟವರ ವಿವರಗಳನ್ನಷ್ಟೆ ಪೊಲೀಸರು ಅಪರಾಧ ಶೋಧನೆಗೆ ನೋಡಬಹುದೆಂದು ಆ ಭಂಡಾರದವರು ನಿಯಮ ಮಾಡಿದರು. ಹೆಸರಿಲ್ಲದ ಶವಗಳ ಮಾತು ಬೇರೆ. ಅಲ್ಲಿ ಯಾರನ್ನೂ ಸೆರೆಗೆ ಕಳಿಸುವುದಿಲ್ಲ. ಆದರೂ ವಂಶವೃಕ್ಷ ಅಲುಗಿಸಿದರೆ ಏನೇನೋ ಉದುರುತ್ತದೆ. ದತ್ತು ಎಂದು ತಿಳಿಯದ ದತ್ತುಮಕ್ಕಳು, ತಂದೆಯೆಂದುಕೊಂಡವರು ತಂದೆಯಲ್ಲದಿರುವುದು. ಹೆಸರು ಸಿಕ್ಕ ಕೂಡಲೆ ಪತ್ರಿಕೆಗೆ ಓಡದೆ, ಮೊದಲು ಮನೆಯವರ ಬಾಗಿಲು ತಟ್ಟಿ ಎದುರಿಗೆ ಕೂತು ಹೇಳುವ ಸೌಜನ್ಯ ಇರಬೇಕು ಎಂದು ನನ್ನ ಮತ.

ನಮ್ಮ ನಾಡಿನಲ್ಲಿ ಇದು ಆದೀತೆ ಎಂದು ನೀವು ಕೇಳಬಹುದು. ಆಗಲಿಕ್ಕೆ ಕೆಲವು ತೊಡಕುಗಳಿವೆ, ಒಂದಂತೂ ಬಹಳ ಸ್ವಾರಸ್ಯದ್ದು. ದಕ್ಷಿಣದಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ತಲೆತಲಾಂತರದಿಂದ ಬಂದದ್ದು. ಹೀಗಾದಾಗ ಒಂದೇ ಹಿರಿಯರಿಂದ ಎರಡು ದಾರಿಯಲ್ಲಿ, ಮೂರು ದಾರಿಯಲ್ಲಿ ರಕ್ತ ಇಳಿದು ಬರುತ್ತದೆ. ಯಂತ್ರ ಹೇಳುವ ಲೆಕ್ಕ ಮೋಸ ಮಾಡುತ್ತದೆ; ಮುತ್ತಜ್ಜನ ಕಾಲದ ನೆಂಟ ಚಿಕ್ಕಪ್ಪನ ಮಗನಷ್ಟು ಹತ್ತಿರದವನಾಗಿ ಕಾಣುತ್ತಾನೆ. ಎರಡು ನದಿಗಳ ಸಂಗಮ ಹುಡುಕಲು ಹೊರಟರೆ ಒಂದೇ ಕೆರೆಯ ಸುತ್ತ ತಿರುಗಿದಂತಾಗುತ್ತದೆ. ಸೋದರಸಂಬಂಧ ಮಾಡದ ಮನೆಗಳಲ್ಲಿಯೂ ನೂರಾರು ವರ್ಷ ಒಂದೇ ಜಾತಿಯೊಳಗೆ ಕೊಟ್ಟು ತಂದುದರ ಪರಿಣಾಮ ಇದ್ದೇ ಇರುತ್ತದೆ.

ಹೆಸರುಗಳದು ಇನ್ನೊಂದು ತೊಡಕು. ವೆಬ್ ವಂಶದವರೆಲ್ಲ ವೆಬ್‌ಗಳೇ. ನಮ್ಮಲ್ಲಿ ತಂದೆಯ ಹೆಸರು ಮಗನ ಇನಿಷಿಯಲ್ಲಿಗೆ ಇಳಿದು, ಮೊಮ್ಮಗನ ಹೊತ್ತಿಗೆ ಮಾಯವಾಗುತ್ತದೆ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೆ ಮೊದಲಿನದನ್ನು ಕಡತದಲ್ಲಿ ಹುಡುಕುವುದಕ್ಕಿಂತ ಹೆಳವರನ್ನು ಕೇಳುವುದು ಲೇಸು. ಸುಗ್ಗಿಯ ಕಾಲಕ್ಕೆ ಎತ್ತಿನೊಡನೆ ಬಂದು, ಅಂಗಳದಲ್ಲಿ ನಿಂತು, ಮನೆಯ ಹಿರಿಯರ ಹೆಸರನ್ನು ತಲೆ ತಲೆಯಾಗಿ ಹೇಳಿ ಕಾಳು ಪಡೆದು ಹೋಗುವ ಹೆಳವರನ್ನು ನಿಮ್ಮಲ್ಲಿ ಹಳ್ಳಿಯ ನಂಟುಳ್ಳವರು ಬಲ್ಲಿರಿ. ಮೂಲಪುರುಷ ಎಲ್ಲಿಂದ ಬಂದ, ಯಾವ ಮಗ ಯಾವ ಊರಿಗೆ ಒಡೆದು ಹೋದ, ಅವರ ಬಾಯಲ್ಲಿಯೂ ಪುಸ್ತಕದಲ್ಲಿಯೂ ಇದೆ. ಅಡಿಲೇಡಿನವರು ನಾಲ್ಕು ಸಾವಿರ ಹೆಸರು ಕೂಡಿಸಿದ್ದೂ ಇದೇ ಕಸುಬು. ಎತ್ತು ಮಾತ್ರ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಆ ಭಂಡಾರಗಳಲ್ಲಿ ಇರುವವರು ಹೆಚ್ಚಾಗಿ ಯುರೋಪು ಮೂಲದ ಜನ. ನಮ್ಮವರು ಅಲ್ಪ. ನಮ್ಮ ಸಂಸತ್ತಿನಲ್ಲಿ 2019ರಲ್ಲಿ ಮಂಡಿಸಿದ ಡಿ.ಎನ್.ಎ. ಮಸೂದೆಯಲ್ಲಿ ಕಾಣೆಯಾದವರದೂ ಗುರುತಿಲ್ಲದ ಮೃತರದೂ ಪಟ್ಟಿಗಳನ್ನು ಇಡುವ ಯೋಚನೆ ಇತ್ತು. ಜನರ ಗುಟ್ಟು ಉಳಿಯುವುದೆ ಎಂಬ ಚರ್ಚೆ ಎದ್ದಿತು. 2023ರ ಜುಲೈನಲ್ಲಿ ಸರಕಾರ ಮಸೂದೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಅದೇ ವರ್ಷ ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಆದ ರೈಲು ದುರಂತ ನಿಮಗೆ ನೆನಪಿರಬೇಕು. ಅದರಲ್ಲಿ ಸಿಕ್ಕಿಕೊಂಡ ಗಾಡಿಗಳಲ್ಲಿ ಒಂದು ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟದ್ದು. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಗುರುತು ಸಿಕ್ಕದ ದೇಹಗಳನ್ನು ಭುವನೇಶ್ವರದ ಆಸ್ಪತ್ರೆಯ ಶೀತಲ ಪೆಟ್ಟಿಗೆಗಳಲ್ಲಿಟ್ಟು, ಹುಡುಕಿಕೊಂಡು ಬಂದ ತಾಯಿ ತಂದೆ, ಅಣ್ಣ ತಮ್ಮಂದಿರ ರಕ್ತ ತೆಗೆದು, ಡಿ.ಎನ್.ಎ. ಹೊಂದಿಸಿ ಒಪ್ಪಿಸಿದರು. ಒಂದೇ ದೇಹವನ್ನು ಎರಡು ಮನೆಯವರು ತಮ್ಮದೆಂದ ಕಡೆ ತೀರ್ಪು ಕೊಟ್ಟದ್ದೂ ಅದೇ ಪರೀಕ್ಷೆ. ಆದರೆ ಕೇಳಿಕೊಂಡು ಯಾರೂ ಬಾರದ 28 ದೇಹಗಳು ಉಳಿದವು. ನಾಲ್ಕು ತಿಂಗಳು ಕಾದು ಅಕ್ಟೋಬರಿನಲ್ಲಿ ಅವನ್ನು ದಹನ ಮಾಡಿದರು. ಕೊಳ್ಳಿ ಇಟ್ಟವರಲ್ಲಿ ಸ್ವಯಂಸೇವೆಗೆಂದು ಬಂದ ಹೆಂಗಸರೂ ಇದ್ದರು. ದೂರದ ದಾಯಾದಿಯೊಬ್ಬನ ಉಗುಳು ಎಲ್ಲಾದರೂ ಒಂದು ಭಂಡಾರದಲ್ಲಿದ್ದಿದ್ದರೆ ಆ ಇಪ್ಪತ್ತೆಂಟರಲ್ಲಿ ಕೆಲವಕ್ಕಾದರೂ ಊರು ಸಿಕ್ಕುತ್ತಿತ್ತೋ ಏನೋ. ಎತ್ತ ಹೋದನೆಂದು ತಿಳಿಸದೆ ದುಡಿಮೆಗೆ ಹೊರಟವನ ಮನೆಯಲ್ಲಿ, ಮಗ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇದ್ದಾನೆಂದೇ ತಿಳಿದುಕೊಂಡಿರುತ್ತಾರೆ.

ನನಗೆ ಕೊಟ್ಟ ಹೊತ್ತು ತೀರುತ್ತ ಬಂತು. ಇನ್ನೊಂದು ಪ್ರಸಂಗ ಉಳಿದಿದೆ, ಚಿಕ್ಕದು.

ಕಾಲೀನ್ ಫಿಟ್ಸ್‌ಪ್ಯಾಟ್ರಿಕ್ ಅವರು ಮಾರ್ಗರೆಟ್ ಪ್ರೆಸ್ ಎಂಬುವರೊಡನೆ 2017ರಲ್ಲಿ ಅಮೆರಿಕದಲ್ಲಿ ಒಂದು ಸೇವಾಸಂಸ್ಥೆ ಕಟ್ಟಿದರು. ಹೆಸರಿಲ್ಲದ ಮೃತರಿಗೆ ಹೆಸರು ಹುಡುಕುವುದೇ ಅದರ ಕೆಲಸ. ದುಡಿಯುವವರು ಬಹುಮಂದಿ ಸಂಬಳವಿಲ್ಲದ ಹವ್ಯಾಸಿಗಳು. ಅವರ ಕೈಗೆ ಮೊದಮೊದಲು ಬಂದದ್ದರಲ್ಲಿ ಒಂದು, 1981ರ ಏಪ್ರಿಲಿನಲ್ಲಿ ಒಹಾಯೊ ಸಂಸ್ಥಾನದ ರಸ್ತೆಬದಿಯ ಹಳ್ಳದಲ್ಲಿ ಸಿಕ್ಕ ಒಬ್ಬ ತರುಣಿಯ ಶವ. ಯಾರೋ ಕೊಂದು ಎಸೆದಿದ್ದರು. ಎರಡು ಜಡೆ, ಬರಿಗಾಲು, ಜಿಂಕೆಯ ಚರ್ಮದ ಜಾಲರಿ ಅಂಗಿ. ಆ ಅಂಗಿಯ ಹೆಸರಿನಿಂದಲೇ ಮೂವತ್ತೇಳು ವರ್ಷ ಆಕೆಯನ್ನು ಕರೆದರು. ಶವಪರೀಕ್ಷೆಯ ದಿನ ತೆಗೆದಿಟ್ಟ ರಕ್ತ ಸೀಸೆಯಲ್ಲಿ ಉಳಿದಿತ್ತು. 2018ರಲ್ಲಿ ಅದರ ವಿವರವನ್ನು ಭಂಡಾರಕ್ಕೆ ಸೇರಿಸಿದ ನಾಲ್ಕು ಗಂಟೆಯೊಳಗೆ ಹೆಸರು ಸಿಕ್ಕಿತು. ಅರ್ಕಾನ್ಸಾಸ್ ಸಂಸ್ಥಾನದ ಹುಡುಗಿ, ಸಾಯುವಾಗ ಇಪ್ಪತ್ತೊಂದು ವರ್ಷ.

ತಾಯಿ ಬದುಕಿದ್ದರು. ಮಗಳು ತಿರುಗಿ ಬಂದರೆ ಮನೆ ಗುರುತು ಸಿಕ್ಕಬೇಕು, ಫೋನು ಮಾಡಿದರೆ ತನಗೇ ಬರಬೇಕು ಎಂದು ಆಕೆ ಅಷ್ಟು ವರ್ಷವೂ ಮನೆ ಬದಲಾಯಿಸಿರಲಿಲ್ಲ, ಟೆಲಿಫೋನ್ ನಂಬರನ್ನೂ ಬದಲಾಯಿಸಿರಲಿಲ್ಲ. ಸುದ್ದಿ ಮುಟ್ಟಿದಾಗ ಆಕೆ ಇದ್ದದ್ದು ಅದೇ ಮನೆಯಲ್ಲಿ.